ಪ್ರಶ್ನಾವಳಿ ಒಂದು ಹೇಳುತ್ತದೆ, ತರಗತಿ ಇನ್ನೊಂದು ಹೇಳುತ್ತದೆ: ಶಿಕ್ಷಣ ಸಂಶೋಧನೆಯಲ್ಲಿ ಮಿಶ್ರ ವಿಧಾನ ಈಗ ಎಲ್ಲಿಗೆ ಬಂದು ನಿಂತಿದೆ?

ಪ್ರಶ್ನೆ: ಮೂರನೇ ಬೆಂಚು

ನಾನು ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಪ್ರಬಂಧದ ಕೊನೆಯ ಹಂತದಲ್ಲಿದ್ದೇನೆ. ಪ್ರಾಥಮಿಕ ಹಂತದ ಗಣಿತ ತರಗತಿಗಳಲ್ಲಿ ಗುಂಪು ಚಟುವಟಿಕೆಯ ಬಳಕೆ ನನ್ನ ವಿಷಯ. ಪ್ರಸ್ತಾವನೆ ಸಲ್ಲಿಸುವಾಗಲೇ ವಿಧಾನದ ಜಾಗದಲ್ಲಿ ‘ಮಿಶ್ರ ವಿಧಾನ’ (ಸಂಖ್ಯೆಗಳನ್ನೂ ಸಂದರ್ಶನ, ವೀಕ್ಷಣೆಗಳನ್ನೂ ಒಂದೇ ಅಧ್ಯಯನದಲ್ಲಿ ಕೂಡಿಸುವುದು) ಎಂದು ಬರೆದಿದ್ದೆ. ನಿಜ ಹೇಳಬೇಕೆಂದರೆ, ನಮ್ಮ ವಿಭಾಗದಲ್ಲಿ ಈಗ ಹೆಚ್ಚಿನವರು ಹಾಗೆಯೇ ಬರೆಯುತ್ತಾರೆ ಎಂಬುದೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಮೊದಲು ಶಿಕ್ಷಕರಿಗೆ ಐದು ಅಂಕಗಳ ಲೈಕರ್ಟ್ ಮಾಪಕದ (ಒಂದು ಹೇಳಿಕೆಯನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳುವ) ಪ್ರಶ್ನಾವಳಿ ಕೊಟ್ಟೆ. ಆಮೇಲೆ ಅವರಲ್ಲಿ ಹದಿನಾಲ್ಕು ಮಂದಿಯ ತರಗತಿಗಳಲ್ಲಿ ಕುಳಿತು ವೀಕ್ಷಣೆ ಮಾಡಿ, ಅವರನ್ನು ಸಂದರ್ಶಿಸಿದೆ. ಪ್ರಬಂಧದ ನಾಲ್ಕನೇ ಅಧ್ಯಾಯದ ತುಂಬ ಕೋಷ್ಟಕಗಳಿವೆ, ಐದನೆಯದರ ತುಂಬ ಸಂದರ್ಶನದ ಮಾತುಗಳಿವೆ, ಆರನೆಯದರಲ್ಲಿ ‘ಎರಡೂ ಬಗೆಯ ದತ್ತಾಂಶಗಳು ಪರಸ್ಪರ ಪೂರಕವಾಗಿವೆ’ ಎಂಬ ಒಂದು ಪ್ಯಾರಾ ಇದೆ. ಕರಡು ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಹೀಗೆ ಬರೆದು ಹಿಂದಿರುಗಿಸಿದರು: ‘ಇವು ಎರಡು ಪ್ರಬಂಧಗಳು. ರಟ್ಟು ಮಾತ್ರ ಒಂದೇ.’

ಆ ಮಾತು ನಾಟಿತು. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ನನ್ನ ಎರಡು ಅಧ್ಯಾಯಗಳು ಪೂರಕವಾಗಿಯೇ ಇಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿವೆ. ‘ನನ್ನ ತರಗತಿಯಲ್ಲಿ ಗುಂಪು ಚಟುವಟಿಕೆಯನ್ನು ನಿಯಮಿತವಾಗಿ ಬಳಸುತ್ತೇನೆ’ ಎಂಬ ಹೇಳಿಕೆಗೆ ಐದಕ್ಕೆ ಐದು ಕೊಟ್ಟುಕೊಂಡಿದ್ದ ಶಿಕ್ಷಕಿಯೊಬ್ಬರ ತರಗತಿಗೆ ಹೋಗಿದ್ದೆ. ಬೆಂಚುಗಳನ್ನು ಎದುರುಬದುರು ಜೋಡಿಸಿ ನಾಲ್ಕು ನಾಲ್ಕು ಮಕ್ಕಳನ್ನು ಕೂರಿಸಿದ್ದರು, ಪ್ರತಿ ಗುಂಪಿಗೂ ಒಂದು ಹೆಸರಿತ್ತು. ನಲವತ್ತು ನಿಮಿಷಗಳ ಕಾಲ ಪ್ರತಿ ಮಗುವೂ ಕತ್ತು ತಿರುಗಿಸಿ ಬೋರ್ಡು ನೋಡುತ್ತಾ ಭಿನ್ನರಾಶಿಯ ಲೆಕ್ಕವನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಿತು. ಪಕ್ಕದ ಮಗುವಿನೊಡನೆ ಮಾತಾಡಿದ್ದು ರಬ್ಬರು ಕೇಳುವುದಕ್ಕೆ ಮಾತ್ರ. ಅದೇ ಶಿಕ್ಷಕಿ ಸಂದರ್ಶನದಲ್ಲಿ ‘ನನ್ನ ಪಾಠವೆಲ್ಲ ಗುಂಪುಗಳಲ್ಲೇ ನಡೆಯುವುದು’ ಎಂದು ಯಾವ ಅಳುಕೂ ಇಲ್ಲದೆ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಇನ್ನೊಂದು ಕಡೆ, ಅದೇ ಹೇಳಿಕೆಗೆ ಎರಡು ಅಂಕ ಕೊಟ್ಟುಕೊಂಡಿದ್ದವರ ತರಗತಿಯಲ್ಲಿ ಮಕ್ಕಳು ಒಂದೇ ಒಂದು ಲೆಕ್ಕದ ಉತ್ತರಕ್ಕಾಗಿ ಇಡೀ ಪೀರಿಯಡ್ಡು ವಾದ ಮಾಡುತ್ತಿದ್ದರು.

ಇದನ್ನು ‘ಅಧ್ಯಯನದ ಮಿತಿಗಳು’ ಎಂಬ ಭಾಗಕ್ಕೆ ಸೇರಿಸಿಬಿಡುವಂತೆ ಸಲಹೆ ಬಂದಿದೆ. ಮನಸ್ಸು ಒಪ್ಪುತ್ತಿಲ್ಲ. ಬಲ್ಲವರಲ್ಲಿ ಎರಡು ವಿಷಯ ಕೇಳಬೇಕಿದೆ. ಶಿಕ್ಷಣ ಸಂಶೋಧನೆಯಲ್ಲಿ ಮಿಶ್ರ ವಿಧಾನ ಎಂಬುದು ನಿಜವಾಗಿಯೂ ಒಂದು ವಿಧಾನವಾಗಿ ಬೆಳೆದಿದೆಯೇ, ಅಥವಾ ಪ್ರಸ್ತಾವನೆಗಳ ಮೇಲೆ ಅಂಟಿಸುವ ಚೀಟಿಯಾಗಿ ಉಳಿದಿದೆಯೇ? ಮತ್ತು ಎರಡು ದತ್ತಾಂಶಗಳು ಜಗಳವಾಡಿದಾಗ ಪ್ರಾಮಾಣಿಕವಾಗಿ ಮಾಡಬೇಕಾದದ್ದೇನು?

ಉತ್ತರ: ಹಳೆಯ ಮೌಲ್ಯಮಾಪಕಿ

ನಿಮಗೆ ಬಂದ ಅಂಚಿನ ಟಿಪ್ಪಣಿಯನ್ನು ಬೇರೆ ಬೇರೆ ಮಾತುಗಳಲ್ಲಿ ನಾನೂ ಎಷ್ಟೋ ಪ್ರಬಂಧಗಳ ಮೇಲೆ ಬರೆದಿದ್ದೇನೆ, ಆದ್ದರಿಂದ ನಿಮ್ಮ ಹಿರಿಯರ ಮೇಲೆ ನನಗೆ ಸಹಾನುಭೂತಿ ಇದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. 1980ರ ದಶಕದಲ್ಲಿ ಪರಿಮಾಣಾತ್ಮಕ (ಸಂಖ್ಯೆಗಳನ್ನು ಆಧರಿಸಿದ) ಮತ್ತು ಗುಣಾತ್ಮಕ (ಮಾತು, ವೀಕ್ಷಣೆಗಳನ್ನು ಆಧರಿಸಿದ) ವಿಧಾನಗಳನ್ನು ಬೆರೆಸಬಹುದೇ ಎಂಬುದೇ ವಿವಾದವಾಗಿತ್ತು. ಎರಡರ ಹಿಂದಿರುವ ಜ್ಞಾನಮೀಮಾಂಸೆಗಳೇ ಬೇರೆ, ಒಂದು ಸತ್ಯವನ್ನು ಹೊರಗೆ ಇರುವ ವಸ್ತುವೆಂದು ನೋಡುತ್ತದೆ, ಇನ್ನೊಂದು ಅದನ್ನು ಮನುಷ್ಯರು ಕಟ್ಟಿಕೊಂಡದ್ದೆಂದು ನೋಡುತ್ತದೆ, ಆದ್ದರಿಂದ ಇವು ಎಣ್ಣೆ ಮತ್ತು ನೀರು ಎಂಬ ವಾದ ಪ್ರಬಲವಾಗಿತ್ತು. 1988ರಲ್ಲಿ ಕೆನೆತ್ ಹೌ ಈ ‘ಹೊಂದಾಣಿಕೆಯಾಗದು’ ಎಂಬ ನಿಲುವಿನ ವಿರುದ್ಧ ನೇರವಾಗಿ ಬರೆದರು. ಮರುವರ್ಷ ಎನ್. ಎಲ್. ಗೇಜ್ ಒಂದು ಚಮತ್ಕಾರದ ಲೇಖನ ಬರೆದರು: ತಾನು 2009ರಲ್ಲಿ ನಿಂತು ಹಿಂತಿರುಗಿ ನೋಡುತ್ತಿರುವಂತೆ ಕಲ್ಪಿಸಿಕೊಂಡು, ಪ್ಯಾರಡೈಮ್ ಯುದ್ಧದ (ಸಂಶೋಧನೆಯ ಮೂಲ ದೃಷ್ಟಿಕೋನಗಳ ನಡುವಿನ ಈ ಜಗಳದ) ನಂತರ ಏನಾಯಿತು ಎಂಬುದಕ್ಕೆ ಮೂರು ಬೇರೆ ಬೇರೆ ಅಂತ್ಯಗಳನ್ನು ಹೇಳಿದರು. ಒಂದರಲ್ಲಿ ಸಂಖ್ಯಾಧಾರಿತ ಸಂಶೋಧನೆ ಸೋತು ಮರೆಯಾಗುತ್ತದೆ, ಇನ್ನೊಂದರಲ್ಲಿ ಎಲ್ಲರೂ ರಾಜಿಯಾಗಿ ಕೂಡಿ ಕೆಲಸ ಮಾಡುತ್ತಾರೆ, ಮತ್ತೊಂದರಲ್ಲಿ ಜಗಳ ಹಾಗೆಯೇ ಮುಂದುವರಿಯುತ್ತದೆ.

ಮೇಲುನೋಟಕ್ಕೆ ರಾಜಿಯ ಅಂತ್ಯವೇ ನಿಜವಾಯಿತು. ತಷಕ್ಕೋರಿ ಮತ್ತು ಟೆಡ್ಲಿ ಸಂಪಾದಿಸಿದ ಕೈಪಿಡಿ 2003ರಲ್ಲಿ ಬಂತು. 2004ರಲ್ಲಿ ಜಾನ್ಸನ್ ಮತ್ತು ಆನ್ವುಗ್ಬುಝೀ ಇದನ್ನು ಕಾಲ ಕೂಡಿಬಂದ ಮೂರನೇ ಪ್ಯಾರಡೈಮ್ ಎಂದು ಸಾರಿದರು. 2007ರಲ್ಲಿ ಮಿಶ್ರ ವಿಧಾನಕ್ಕೆಂದೇ ಮೀಸಲಾದ ಸಂಶೋಧನಾ ಪತ್ರಿಕೆ ಶುರುವಾಯಿತು. ತತ್ತ್ವದ ಜಗಳವನ್ನು ಪ್ರಾಯೋಗಿಕತಾವಾದದ ಹೆಸರಿನಲ್ಲಿ ಬದಿಗಿಟ್ಟು, ‘ಪ್ರಶ್ನೆಗೆ ಯಾವುದು ಹೊಂದುತ್ತದೋ ಅದನ್ನು ಬಳಸಿ’ ಎಂಬ ಮಾತಿಗೆ ಎಲ್ಲರೂ ತಲೆಯಾಡಿಸಿದರು. ನನ್ನ ಅಭಿಪ್ರಾಯದಲ್ಲಿ ತೊಂದರೆ ಶುರುವಾದದ್ದು ಅಲ್ಲೇ. ಒಪ್ಪಂದಕ್ಕೆ ಸಹಿ ಬಿತ್ತೇ ಹೊರತು, ಒಟ್ಟಿಗೆ ಬಾಳುವುದು ಹೇಗೆ ಎಂಬುದನ್ನು ಯಾರೂ ಕೂತು ಮಾತಾಡಲಿಲ್ಲ. ಅಲನ್ ಬ್ರೈಮನ್ 2006ರಲ್ಲಿ ಸಮಾಜವಿಜ್ಞಾನಗಳ 232 ಲೇಖನಗಳನ್ನು ಪರಿಶೀಲಿಸಿದಾಗ ಎರಡು ಸಂಗತಿಗಳು ಎದ್ದು ಕಂಡವು. ಮಿಶ್ರಣ ಎಂದರೆ ಬಹುಪಾಲು ಪ್ರಶ್ನಾವಳಿಯ ಜೊತೆ ಅರೆರಚಿತ (ಮುಖ್ಯ ಪ್ರಶ್ನೆಗಳನ್ನಷ್ಟೇ ಮೊದಲೇ ಗೊತ್ತುಮಾಡಿಕೊಂಡ) ಸಂದರ್ಶನ ಎಂದೇ ಆಗಿಹೋಗಿತ್ತು. ಮತ್ತು ಲೇಖಕರು ಮೊದಲಲ್ಲಿ ಹೇಳಿಕೊಂಡ ಉದ್ದೇಶಕ್ಕೂ ಕೊನೆಯಲ್ಲಿ ನಿಜವಾಗಿ ಮಾಡಿದ್ದಕ್ಕೂ ಅನೇಕ ಕಡೆ ತಾಳೆಯೇ ಇರಲಿಲ್ಲ. ನಿಮ್ಮ ಪ್ರಬಂಧ ಈ ದೊಡ್ಡ ಕುಟುಂಬದ ಒಂದು ಸದಸ್ಯ ಅಷ್ಟೇ, ನೀವೊಬ್ಬರೇ ತಪ್ಪಿತಸ್ಥರಲ್ಲ.

ಈ ಕಥೆಗೆ ರಾಜಕೀಯದ ಎಳೆಯೂ ಇದೆ. ಅಮೆರಿಕದಲ್ಲಿ 2002ರ ಜನವರಿಯಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯಲ್ಲಿ ‘ವೈಜ್ಞಾನಿಕ ಸಂಶೋಧನೆಯ ಆಧಾರ’ ಎಂಬ ಅರ್ಥದ ಪದಪುಂಜ ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. ಅದೇ ವರ್ಷ ಸ್ಥಾಪನೆಯಾದ ಶಿಕ್ಷಣ ವಿಜ್ಞಾನಗಳ ಸಂಸ್ಥೆಯ ಕಾಲದಲ್ಲಿ ಯಾದೃಚ್ಛಿಕ ನಿಯಂತ್ರಿತ ಪ್ರಯೋಗವೇ (ಚೀಟಿ ಎತ್ತಿದಂತೆ ಗುಂಪುಗಳನ್ನು ಮಾಡಿ ಹೋಲಿಸುವುದೇ) ಚಿನ್ನದ ಅಳತೆಗೋಲಾಯಿತು. ಆಗ ಗುಣಾತ್ಮಕ ಸಂಶೋಧನೆಗೆ ಸಿಕ್ಕ ಜಾಗ ಪ್ರಯೋಗದ ಪಕ್ಕದಲ್ಲಿ ಕೂರುವ ಸಹಾಯಕಿಯದು. ಮೊದಲು ಬೆರಕೆಯ ಪರವಾಗಿ ವಾದಿಸಿದ್ದ ಹೌ ಅವರೇ 2004ರಲ್ಲಿ ಇಂಥ ‘ಮಿಶ್ರ ವಿಧಾನದ ಪ್ರಯೋಗವಾದ’ವನ್ನು ಟೀಕಿಸಬೇಕಾಯಿತು ಎಂಬುದನ್ನು ಗಮನಿಸಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 1989ರಲ್ಲಿ ಗ್ರೀನ್, ಕಾರಸೆಲಿ ಮತ್ತು ಗ್ರಹಾಂ 57 ಮೌಲ್ಯಮಾಪನ ಅಧ್ಯಯನಗಳನ್ನು ಓದಿ, ವಿಧಾನಗಳನ್ನು ಬೆರೆಸುವುದಕ್ಕೆ ಐದು ಉದ್ದೇಶಗಳಿರಬಹುದು ಎಂದರು. ಎರಡು ದಾರಿಗಳಿಂದ ಒಂದೇ ಉತ್ತರಕ್ಕೆ ತಲುಪುತ್ತೇವೆಯೇ ಎಂದು ನೋಡುವ ತ್ರಿಕೋನೀಕರಣ, ಒಂದರಿಂದ ಇನ್ನೊಂದರ ಅರ್ಥವನ್ನು ತಿಳಿಯಾಗಿಸುವ ಪೂರಕತೆ, ಒಂದರ ಫಲಿತಾಂಶದಿಂದ ಇನ್ನೊಂದರ ಸಾಧನ ರೂಪಿಸುವುದು, ವ್ಯಾಪ್ತಿಯನ್ನು ಹಿಗ್ಗಿಸುವುದು ಇವು ನಾಲ್ಕು. ಐದನೆಯದು ವೈರುಧ್ಯವನ್ನೇ ಹುಡುಕಿಕೊಂಡು ಹೋಗಿ, ಅದರಿಂದ ಹೊಸ ಪ್ರಶ್ನೆಯನ್ನು ಎಬ್ಬಿಸುವುದು. ವಿಧಾನದ ಅಧ್ಯಾಯಗಳಲ್ಲಿ ಎಲ್ಲರೂ ಜಪಿಸುವುದು ಮೊದಲನೆಯದನ್ನು. ನಿಮ್ಮ ಕೈಗೆ ಸಿಕ್ಕಿರುವುದು ಐದನೆಯದು, ಅಪರೂಪದ್ದು, ಅದನ್ನು ಮಿತಿಗಳ ಪಟ್ಟಿಯಲ್ಲಿ ಹೂತುಹಾಕಲು ನಿಮಗೆ ಸಲಹೆ ಬಂದಿದೆ.

ನೀವು ನೋಡಿದ ಶಿಕ್ಷಕಿಯ ಅಕ್ಕನಂಥವರೊಬ್ಬರು ಈ ಕ್ಷೇತ್ರದಲ್ಲಿ ಈಗಾಗಲೇ ಪ್ರಸಿದ್ಧರು. ಡೇವಿಡ್ ಕೋಹೆನ್ 1990ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಎರಡನೇ ತರಗತಿಯ ಶಿಕ್ಷಕಿಯ ಬಗ್ಗೆ ಬರೆದ ಪ್ರಕರಣ ಅಧ್ಯಯನವನ್ನು ಓದಿ. ಅವರಿಗೆ ಅಲ್ಲಿ ಮಿಸೆಸ್ ಊಬ್ಲಿಯೆ ಎಂಬ ಕಲ್ಪಿತ ಹೆಸರಿದೆ. ತನ್ನ ಗಣಿತ ಪಾಠದಲ್ಲಿ ಕ್ರಾಂತಿಯೇ ಆಗಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಮಕ್ಕಳನ್ನು ಗುಂಪುಗಳಲ್ಲಿ ಕೂರಿಸಿಯೂ ಇದ್ದರು. ಆದರೆ ಆ ಗುಂಪುಗಳು ಸಾಮಗ್ರಿ ಹಂಚುವುದಕ್ಕೆ, ಸರದಿ ಕರೆಯುವುದಕ್ಕೆ ಬಳಕೆಯಾಗುತ್ತಿದ್ದವೇ ಹೊರತು ಮಕ್ಕಳು ಗಣಿತದ ಬಗ್ಗೆ ತಮ್ಮತಮ್ಮಲ್ಲೇ ಮಾತಾಡುವುದಕ್ಕೆ ಅಲ್ಲ. ಕೋಹೆನ್ ಅವರನ್ನು ಸುಳ್ಳುಗಾತಿ ಎನ್ನಲಿಲ್ಲ. ಹೊಸ ನೀತಿಯನ್ನು ಶಿಕ್ಷಕರು ತಮ್ಮ ಹಳೆಯ ತಿಳಿವಳಿಕೆಯ ಮೂಲಕವೇ ಓದಿಕೊಳ್ಳುತ್ತಾರೆ ಎಂಬುದನ್ನು ಆ ಒಂದೇ ಕೋಣೆಯಲ್ಲಿ ತೋರಿಸಿದರು. ನಿಮ್ಮ ಬಳಿ ಅಂಥ ಕೋಣೆಯೂ ಇದೆ, ಅದರ ಜೊತೆಗೆ ಪ್ರಶ್ನಾವಳಿಯೂ ಇದೆ.

ಉತ್ತರ: ಸಂಖ್ಯಾಲೋಲ

ಮೇಲಿನ ಉತ್ತರದ ಹೆಚ್ಚಿನ ಭಾಗವನ್ನು ಒಪ್ಪುತ್ತೇನೆ, ಆದರೆ ‘ವೈರುಧ್ಯ ಸಿಕ್ಕಿತು, ಹಬ್ಬ ಮಾಡಿ’ ಎನ್ನುವ ಮೊದಲು ಆ ವೈರುಧ್ಯ ನಿಜವಾದದ್ದೇ ಎಂದು ಪರೀಕ್ಷಿಸಬೇಕಾಗುತ್ತದೆ. ನೀವು ಕೊಟ್ಟ ಹೇಳಿಕೆಯನ್ನೇ ನೋಡಿ. ‘ನಿಯಮಿತವಾಗಿ’ ಎಂದರೆ ದಿನವೂ ಎಂದೇ, ವಾರಕ್ಕೊಮ್ಮೆ ಎಂದೇ? ‘ಗುಂಪು ಚಟುವಟಿಕೆ’ ಎಂದರೆ ಗುಂಪಾಗಿ ಕೂರುವುದೇ, ಗುಂಪಾಗಿ ಯೋಚಿಸುವುದೇ? ಅಸ್ಪಷ್ಟವಾದ ಎರಡು ಮಾತುಗಳನ್ನು ಒಂದೇ ವಾಕ್ಯದಲ್ಲಿಟ್ಟು ಅದಕ್ಕೆ ಸಮ್ಮತಿಯ ಮಾಪಕ ಕೊಟ್ಟಿದ್ದೀರಿ. ಅಂದರೆ ನೀವು ಅಳೆದದ್ದು ಶಿಕ್ಷಕರು ಎಷ್ಟು ಬಾರಿ ಏನು ಮಾಡುತ್ತಾರೆ ಎಂಬುದನ್ನಲ್ಲ, ಆ ವಾಕ್ಯದಲ್ಲಿ ತಮ್ಮನ್ನು ಎಷ್ಟರ ಮಟ್ಟಿಗೆ ಗುರುತಿಸಿಕೊಳ್ಳುತ್ತಾರೆ ಎಂಬುದನ್ನು. ಪ್ರಶ್ನಾವಳಿಯನ್ನು ಹಂಚುವ ಮೊದಲು ಆರೇಳು ಶಿಕ್ಷಕರ ಎದುರು ಕೂತು, ಪ್ರತಿ ಹೇಳಿಕೆಯನ್ನು ಓದಿಸಿ, ‘ಇದನ್ನು ಓದಿದಾಗ ನಿಮ್ಮ ಮನಸ್ಸಿಗೆ ಏನು ಬಂತು, ಗಟ್ಟಿಯಾಗಿ ಹೇಳಿ’ ಎಂದು ಕೇಳಿದ್ದರೆ ಈ ತೊಡಕು ಮೊದಲೇ ಕಾಣುತ್ತಿತ್ತು. ಅದೂ ಗುಣಾತ್ಮಕ ಕೆಲಸವೇ. ಪ್ರಶ್ನಾವಳಿಯ ಹೊಟ್ಟೆಯೊಳಗೇ ಮಿಶ್ರಣ ಆಗಬೇಕಾದ ಜಾಗ ಅದು, ಅದನ್ನೇ ಎಲ್ಲರೂ ಹಾರಿಸುತ್ತಾರೆ.

ಎರಡನೆಯದು, ಆ ಹದಿನಾಲ್ಕು ಮಂದಿಯನ್ನು ಹೇಗೆ ಆರಿಸಿದಿರಿ ಎಂದು ನೀವು ಹೇಳಿಲ್ಲ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಪಡೆದವರನ್ನು ಆರಿಸಿದ್ದರೆ, ಎರಡನೇ ಅಳತೆಯಲ್ಲಿ ಮೇಲಿನವರು ಕೊಂಚ ಕೆಳಗೂ ಕೆಳಗಿನವರು ಕೊಂಚ ಮೇಲೂ ಸರಿಯುವುದು ಅಳತೆಯ ದೋಷದಿಂದಲೇ ಆಗುವಂಥದ್ದು. ಸರಾಸರಿಯತ್ತ ಮರಳುವ ಈ ಪ್ರವೃತ್ತಿಯನ್ನು ಸಂಖ್ಯಾಶಾಸ್ತ್ರದ ಮೊದಲ ತರಗತಿಯಲ್ಲೇ ಕಲಿಸುತ್ತಾರೆ, ಆದರೆ ಪ್ರಕರಣಗಳನ್ನು ಆರಿಸುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಎದುರುಬದುರು ಬೆಂಚುಗಳಲ್ಲಿ ಕೂತು ನಲವತ್ತು ನಿಮಿಷ ನಕಲು ಮಾಡುವ ದೃಶ್ಯವನ್ನು ಅದೊಂದೇ ವಿವರಿಸಲಾರದು ಎಂಬುದನ್ನು ಒಪ್ಪುತ್ತೇನೆ. ಆದರೂ ಮೌಲ್ಯಮಾಪಕರು ಕೇಳಿದರೆ ನಿಮ್ಮಲ್ಲಿ ಉತ್ತರವಿರಬೇಕು. ಇನ್ನೊಂದು ಕಿವಿಮಾತು: ಆ ಹದಿನಾಲ್ಕು ಮಂದಿಯನ್ನು ದಯವಿಟ್ಟು ಶೇಕಡಾವಾರಿಗೆ ಇಳಿಸಬೇಡಿ. ‘ಒಂಬತ್ತು ಮಂದಿ’ ಎಂದರೆ ಒಂಬತ್ತು ಮಂದಿ; ಅದನ್ನು ಶೇ. 64.3 ಎಂದು ಬರೆದ ಪ್ರಬಂಧಗಳನ್ನು ನೋಡಿದಾಗ ನನ್ನಂಥವನಿಗೇ ನಾಚಿಕೆಯಾಗುತ್ತದೆ.

ಎರಡೂ ಸರಿಯಾಗಿ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ 1997ರಲ್ಲಿ ಶುರುವಾದ ಶಾಲಾಪೂರ್ವ ಶಿಕ್ಷಣದ ಪರಿಣಾಮಗಳ ಅಧ್ಯಯನ, ಇಪಿಪಿಇ ಎಂದು ಪರಿಚಿತವಾದದ್ದು, 141 ಕೇಂದ್ರಗಳ ಸುಮಾರು 3,000 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಮನೆಯ ಹಿನ್ನೆಲೆ, ಮಗು ಸೇರುವಾಗ ಎಷ್ಟು ಕಲಿತಿತ್ತು ಎಂಬುದನ್ನೆಲ್ಲ ಬಹುಸ್ತರ ವಿಶ್ಲೇಷಣೆಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ನಂತರವೂ ಮಕ್ಕಳ ಕಲಿಕೆ ನಿರೀಕ್ಷೆಗಿಂತ ಚೆನ್ನಾಗಿದ್ದ ಕೇಂದ್ರಗಳು ಯಾವುವು ಎಂದು ಸಂಖ್ಯೆಗಳು ಗುರುತಿಸಿದವು. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂದು ಸಂಖ್ಯೆಗಳು ಹೇಳಲಾರವು. ಹಾಗಾಗಿ ಅಂಥ ಹನ್ನೆರಡು ಕೇಂದ್ರಗಳ ಒಳಗೆ ಸಂಶೋಧಕರು ಹೋಗಿ ಕೂತು, ದೊಡ್ಡವರು ಮಕ್ಕಳೊಡನೆ ಆಡುವ ಮಾತನ್ನು ದಾಖಲಿಸಿದರು. ಒಂದು ಮಗುವೂ ಒಬ್ಬ ದೊಡ್ಡವರೂ ಒಂದೇ ಸಮಸ್ಯೆಯ ಮೇಲೆ ಮಾತನ್ನು ಬೆಳೆಸುತ್ತಾ, ಇಬ್ಬರೂ ಆ ಯೋಚನೆಗೆ ಏನಾದರೂ ಸೇರಿಸುತ್ತಾ ಹೋಗುವ ಸಂಭಾಷಣೆಯನ್ನು ಅವರು ಅಲ್ಲಿ ಕಂಡು ಅದಕ್ಕೊಂದು ಹೆಸರಿಟ್ಟರು; ಕನ್ನಡದಲ್ಲಿ ‘ಬಿಡದೆ ಬೆಳೆಸಿದ ಜಂಟಿ ಚಿಂತನೆ’ ಎನ್ನಬಹುದು. ಮೊದಲಿನ ಯಾವ ಪ್ರಶ್ನಾವಳಿಯಲ್ಲೂ ಇರದಿದ್ದ ಆ ಪರಿಕಲ್ಪನೆ 2015ರ ಹೊತ್ತಿಗೆ ತನ್ನದೇ ಒಂದು ಮಾಪಕವಾಗಿ ಪ್ರಕಟವಾಯಿತು. ಸಂಖ್ಯೆ ಪ್ರಕರಣಗಳನ್ನು ಆರಿಸಿತು, ಪ್ರಕರಣ ಪರಿಕಲ್ಪನೆ ಕೊಟ್ಟಿತು, ಪರಿಕಲ್ಪನೆ ಮರಳಿ ಅಳತೆಯಾಯಿತು. ಇದನ್ನು ಮಾಡಲು ಹಣ, ತಂಡ, ವರ್ಷಗಳು ಬೇಕು; ಒಬ್ಬ ಸಂಶೋಧನಾರ್ಥಿಯಿಂದ ಅದನ್ನೇ ನಿರೀಕ್ಷಿಸುವುದು ಅನ್ಯಾಯ.

ಉತ್ತರ: ಉದ್ಧರಣ ಚಿಹ್ನೆ

ನಾನು ಗುಣಾತ್ಮಕ ಸಂಶೋಧನೆ ಮಾಡುವವಳು, ಆದ್ದರಿಂದ ಚಿಕ್ಕದೊಂದು ತಕರಾರು. ಮೇಲಿನ ಇಬ್ಬರೂ ವೀಕ್ಷಣೆ ಸತ್ಯ, ಪ್ರಶ್ನಾವಳಿ ಭ್ರಮೆ ಎಂಬ ಊಹೆಯಿಂದಲೇ ಹೊರಟಂತಿದೆ. ಮೂರನೇ ಬೆಂಚಿನವರು ಒಂದು ದಿನ, ಒಂದು ಪೀರಿಯಡ್ಡು, ಹಿಂದಿನ ಸಾಲಿನಲ್ಲಿ ಅಪರಿಚಿತರಾಗಿ ಕೂತು ನೋಡಿದ್ದಾರೆ. ಹೊರಗಿನವರು ಬಂದಾಗ ಮಕ್ಕಳು ಮಾತು ನಿಲ್ಲಿಸಿ ಬೋರ್ಡು ನೋಡುವುದು ಯಾವ ಶಾಲೆಯಲ್ಲೂ ಆಶ್ಚರ್ಯದ ಸಂಗತಿಯಲ್ಲ. ಶಿಕ್ಷಕಿಯ ‘ಗುಂಪು’ ಎಂಬ ಮಾತಿನ ಅರ್ಥ ಏನು ಎಂಬುದನ್ನು ಅವರಿಂದಲೇ ತಿಳಿಯುವ ಮೊದಲು, ಅವರು ಹೇಳಿದ್ದು ಮತ್ತು ಮಾಡಿದ್ದು ಬೇರೆ ಎಂದು ತೀರ್ಪು ಕೊಡಲು ನಾವು ಯಾರು?

ಮಿಶ್ರ ವಿಧಾನದ ಈಗಿನ ಸ್ಥಿತಿಯ ಬಗ್ಗೆ ನನ್ನ ಮುಖ್ಯ ದೂರು ಇದಕ್ಕೇ ಸಂಬಂಧಿಸಿದ್ದು. 2006ರಲ್ಲಿ ಲಿನ್ ಗಿಡ್ಡಿಂಗ್ಸ್ ಶುಶ್ರೂಷಾ ಸಂಶೋಧನೆಯ ಸಂದರ್ಭದಲ್ಲಿ, ಇದು ಪ್ರತ್ಯಕ್ಷವಾದವೇ (ಅಳೆದು ನೋಡಬಲ್ಲದ್ದೇ ಜ್ಞಾನ ಎಂಬ ನಿಲುವೇ) ವೇಷ ಬದಲಿಸಿ ಬಂದದ್ದಲ್ಲವೇ ಎಂಬ ಅರ್ಥದ ಪ್ರಶ್ನೆ ಕೇಳಿದ್ದರು. ಶಿಕ್ಷಣದಲ್ಲಿ ಆ ವೇಷವನ್ನು ದಿನವೂ ನೋಡುತ್ತೇವೆ. ಮೊದಲು ಹಿಂಚಲನೆಯ (ಒಂದು ಅಂಶದೊಡನೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕದ) ಕೋಷ್ಟಕ, ಅದರ ಕೆಳಗೆ ‘ಒಬ್ಬ ಶಿಕ್ಷಕರು ಹೇಳಿದಂತೆ’ ಎಂದು ಎರಡು ಸಾಲಿನ ಒಂದು ಉಲ್ಲೇಖ. ಒಂದು ಗಂಟೆ ಮಾತಾಡಿದ ಮನುಷ್ಯ ಕೋಷ್ಟಕಕ್ಕೆ ಹೌದಪ್ಪ ಎನ್ನುವ ಎರಡು ಸಾಲಾಗಿ ಉಳಿಯುತ್ತಾನೆ. ಅವನು ಅಲ್ಲ ಎಂದ ಐವತ್ತು ನಿಮಿಷಗಳು ಟೇಪಿನಲ್ಲೇ ಕೊಳೆಯುತ್ತವೆ. ನಿಮ್ಮ ಐದನೇ ಅಧ್ಯಾಯವನ್ನು ಒಮ್ಮೆ ಈ ಕಣ್ಣಿನಿಂದ ಓದಿನೋಡಿ.

ಉತ್ತರ: ಕರಡು ತಿದ್ದುವವ

ಒಂದು ಸಂಶೋಧನಾ ಪತ್ರಿಕೆಗೆ ಲೇಖನಗಳನ್ನು ಪರಿಶೀಲಿಸುವ ಕೆಲಸ ಮಾಡುವವನಾಗಿ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಸಂಶೋಧಕರ ಮೇಲೆಯೇ ಹೊಣೆ ಹೊರಿಸಿದ್ದಾರೆ. ಬ್ರೈಮನ್ ಅವರೇ 2007ರಲ್ಲಿ ಇಪ್ಪತ್ತು ಮಂದಿ ಸಂಶೋಧಕರನ್ನು ಸಂದರ್ಶಿಸಿ, ಎರಡು ಬಗೆಯ ಫಲಿತಾಂಶಗಳನ್ನು ಕೂಡಿಸಲು ಅಡ್ಡಿಯಾಗುವುದೇನು ಎಂದು ಕೇಳಿದ್ದರು. ಬೇರೆ ಬೇರೆ ಓದುಗ ವರ್ಗ, ಬೇರೆ ಬೇರೆ ಪತ್ರಿಕೆ, ಒಂದು ಭಾಗ ಬೇಗ ಮುಗಿದು ಇನ್ನೊಂದು ತಡವಾಗುವುದು, ತನಗೆ ಕೈ ಕುದುರಿದ ವಿಧಾನದ ಕಡೆಗೇ ವಾಲುವುದು, ಇಂಥ ಲೌಕಿಕ ಕಾರಣಗಳು ಹೊರಬಂದವು. ಇವತ್ತಿಗೂ ಪರಿಸ್ಥಿತಿ ಅದೇ. ಎಂಟು ಸಾವಿರ ಪದಗಳ ಮಿತಿಯೊಳಗೆ ಮಾದರಿಯ ಆಯ್ಕೆ, ಮಾಪಕದ ವಿಶ್ವಾಸಾರ್ಹತೆ, ಸಂದರ್ಶನದ ಮಾತುಗಳನ್ನು ವಿಷಯವಾರು ವಿಂಗಡಿಸುವ ಕೋಡಿಂಗ್‌ನ ವಿವರ, ಉಲ್ಲೇಖಗಳು ಎಲ್ಲವನ್ನೂ ತುಂಬಿಸಿ ಮೇಲೆ ಸಂಯೋಜನೆಗೂ ಜಾಗ ಉಳಿಸುವುದು ಸರ್ಕಸ್ಸೇ ಸರಿ, ಆದ್ದರಿಂದ ಹೆಚ್ಚಿನವರು ಒಂದು ಅಧ್ಯಯನವನ್ನು ಎರಡು ಲೇಖನವಾಗಿ ಸೀಳಿ ಎರಡು ಕಡೆಗೆ ಕಳಿಸುತ್ತಾರೆ. ಪ್ರಕಟಣೆಯ ಲೆಕ್ಕದಲ್ಲಿ ಎರಡು ಅಂಕವೂ ಸಿಗುತ್ತದೆ. ಕೂಡಿಸಿದವನಿಗೆ ಒಂದು, ಸೀಳಿದವನಿಗೆ ಎರಡು ಎಂಬ ವ್ಯವಸ್ಥೆಯಲ್ಲಿ ಯಾರು ಕೂಡಿಸುತ್ತಾರೆ?

ನಿಯಮಾವಳಿಗಳಿಗೆ ಕೊರತೆಯಿಲ್ಲ. ಆರೋಗ್ಯ ಸೇವೆಗಳ ಸಂಶೋಧನೆಯಿಂದ 2008ರಲ್ಲಿ ಬಂದ ಗ್ರಾಮ್ಸ್ ಎಂಬ ಆರು ಅಂಶಗಳ ಮಾರ್ಗಸೂಚಿ ಇದೆ. ಅಮೆರಿಕನ್ ಮನೋವಿಜ್ಞಾನ ಸಂಘ 2018ರಲ್ಲಿ ಮಿಶ್ರ ವಿಧಾನಕ್ಕೂ ವರದಿಯ ಮಾನದಂಡಗಳನ್ನು ಪ್ರಕಟಿಸಿತು. ಎಲ್ಲವೂ ಸಂಯೋಜನೆಯನ್ನು ಎಲ್ಲಿ, ಹೇಗೆ ಮಾಡಿದಿರಿ ಎಂದು ತೋರಿಸಲು ಕೇಳುತ್ತವೆ. ಪದಕೋಶವಂತೂ ದಿನೇ ದಿನೇ ಬೆಳೆಯುತ್ತಿದೆ, ಕೆಲವೊಮ್ಮೆ ಮೂಗಿಗಿಂತ ಮೂಗುತಿ ಭಾರ ಅನ್ನಿಸುವಷ್ಟು. ಜಾನಿಸ್ ಮೋರ್ಸ್ 1991ರಲ್ಲಿ ರೂಪಿಸಿದ ಸಂಕೇತ ಪದ್ಧತಿಯಲ್ಲಿ ಪ್ರಧಾನ ವಿಧಾನವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೂ ಅಧೀನ ವಿಧಾನವನ್ನು ಸಣ್ಣಕ್ಷರಗಳಲ್ಲೂ ಬರೆದು ನಡುವೆ ಬಾಣ ಹಾಕುತ್ತಾರೆ. ಕನ್ನಡ ಲಿಪಿಯಲ್ಲಿ ಆ ಭೇದವೇ ಇಲ್ಲ. ಅದು ಕೊರತೆಯಲ್ಲ, ಅನುಕೂಲ: ನಾವು ಯಾವುದು ಪ್ರಧಾನ, ಏಕೆ ಪ್ರಧಾನ ಎಂದು ಪೂರ್ತಿ ವಾಕ್ಯದಲ್ಲಿ ಬರೆಯಲೇಬೇಕಾಗುತ್ತದೆ, ಬಾಣದ ಹಿಂದೆ ಅಡಗಿಕೊಳ್ಳಲು ಬರುವುದಿಲ್ಲ.

ನಿಮಗೆ ಕೈಗೆಟುಕುವ ಉಪಾಯ ಒಂದಿದೆ. ಜಂಟಿ ಕೋಷ್ಟಕ ಎಂದು ಕರೆಯುವ ಸಾಧನವನ್ನು ಅಲಂಕಾರಕ್ಕಲ್ಲದೆ ಕೆಲಸಕ್ಕೆ ಬಳಸಿ. ಹದಿನಾಲ್ಕು ಶಿಕ್ಷಕರಿಗೆ ಹದಿನಾಲ್ಕು ಸಾಲು ಹಾಕಿ. ಒಂದೊಂದು ಸಾಲಿನಲ್ಲೂ ಮೊದಲು ಪ್ರಶ್ನಾವಳಿಯ ಅಂಕ, ಅದರ ಪಕ್ಕ ನೀವು ಕಂಡದ್ದರ ಎರಡು ವಾಕ್ಯಗಳ ವಿವರ, ಅದರ ಪಕ್ಕ ಅವರದೇ ಮಾತಿನಲ್ಲಿ ‘ಗುಂಪು’ ಎಂದರೇನು ಎಂಬುದು, ಕೊನೆಯಲ್ಲಿ ಈ ಮೂರನ್ನೂ ಒಟ್ಟಿಗೆ ಓದಿದಾಗ ನಿಮಗೆ ತೋಚಿದ್ದು. ಕೊನೆಯ ಕಂಬ (ಕಾಲಂ) ಖಾಲಿ ಉಳಿದ ಸಾಲುಗಳೇ ನಿಮ್ಮ ಆರನೇ ಅಧ್ಯಾಯ. ನಾನು ಪರಿಶೀಲಿಸುವ ಲೇಖನಗಳಲ್ಲಿ ಈ ಕೋಷ್ಟಕ ಇದ್ದಾಗಲೂ ಹೆಚ್ಚಾಗಿ ಕೊನೆಯ ಕಂಬದಲ್ಲಿ ‘ದೃಢಪಟ್ಟಿದೆ’ ಎಂಬ ಒಂದೇ ಪದ ಮೇಲಿಂದ ಕೆಳಗಿನವರೆಗೆ ಇಳಿದಿರುತ್ತದೆ. ಅಂಥ ಕೋಷ್ಟಕ ಕಂಡ ತಕ್ಷಣ ನಾನು ಮೂಲ ದತ್ತಾಂಶ ಕೇಳುತ್ತೇನೆ.

ಮರು ಉತ್ತರ: ಮೂರನೇ ಬೆಂಚು

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಆ ಕೋಷ್ಟಕವನ್ನು ಹಾಕಿಯೇ ಬರೆಯಬೇಕೆಂದುಕೊಂಡೆ.

ಸಂಖ್ಯಾಲೋಲ ಅವರ ಪ್ರಶ್ನೆಗೆ ಮೊದಲು ಉತ್ತರಿಸಬೇಕು, ಅದು ನನಗೆ ಇರುಸುಮುರುಸಿನ ಸಂಗತಿಯೂ ಹೌದು. ಹದಿನಾಲ್ಕು ಮಂದಿಯನ್ನು ನಾನು ಅಂಕಗಳ ಆಧಾರದ ಮೇಲೆ ಆರಿಸಿರಲಿಲ್ಲ. ಪ್ರಶ್ನಾವಳಿಯ ಕೊನೆಯಲ್ಲಿ ‘ತರಗತಿ ವೀಕ್ಷಣೆಗೆ ಒಪ್ಪಿಗೆ ಇದೆ’ ಎಂದು ಗುರುತು ಹಾಕಿದವರಲ್ಲಿ, ಸಮಯ ಹೊಂದಿದವರ ಬಳಿಗೆ ಹೋಗಿದ್ದೆ. ವಿಧಾನದ ಅಧ್ಯಾಯದಲ್ಲಿ ಮಾತ್ರ ‘ಉದ್ದೇಶಪೂರ್ವಕ ಮಾದರಿ’ ಎಂದು ಬರೆದಿದ್ದೆ. ಅದನ್ನು ಈಗ ಹೊಡೆದುಹಾಕಿ, ನಡೆದದ್ದನ್ನು ನಡೆದಂತೆಯೇ ಬರೆದಿದ್ದೇನೆ.

ಸಾಲುಗಳನ್ನು ಜೋಡಿಸಿದಾಗ ಅಂಕವೂ ಹೆಚ್ಚು, ಮಕ್ಕಳ ನಡುವಿನ ಮಾತೂ ಹೆಚ್ಚು ಎಂಬಂಥವರು ನಾಲ್ವರು ಸಿಕ್ಕರು, ಎರಡೂ ಕಡಿಮೆ ಇದ್ದವರು ಇಬ್ಬರು. ಐವರು ಹೆಚ್ಚಿನ ಅಂಕ ಕೊಟ್ಟುಕೊಂಡವರು, ಆದರೆ ನಾನು ಹೋದ ದಿನ ಅವರ ತರಗತಿಯಲ್ಲಿ ಮಕ್ಕಳ ನಡುವೆ ಲೆಕ್ಕದ ಬಗ್ಗೆ ಮಾತೇ ಇರಲಿಲ್ಲ. ಉಳಿದ ಮೂವರು ತದ್ವಿರುದ್ಧ. ಉದ್ಧರಣ ಚಿಹ್ನೆಯವರ ಮಾತು ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಸಂದರ್ಶನಗಳ ಧ್ವನಿಮುದ್ರಣಗಳನ್ನು ಮತ್ತೆ ಕೇಳಿದೆ. ಐದು ಅಂಕದ ಶಿಕ್ಷಕಿ ಒಂದು ಕಡೆ, ‘ಸಾಲಾಗಿ ಕೂತರೆ ಹಿಂದಿನವರು ಏನು ಬರೆಯುತ್ತಾರೆ ಎಂದು ಗೊತ್ತಾಗುವುದಿಲ್ಲ, ಗುಂಪು ಮಾಡಿದ ಮೇಲೆ ನಾನು ನಡುವೆ ಓಡಾಡಿ ಎಲ್ಲರ ಪುಸ್ತಕ ನೋಡಬಹುದು’ ಎಂದಿದ್ದಾರೆ. ಅವರಿಗೆ ಗುಂಪು ಎಂದರೆ ತಾವು ಮಗುವಿನ ಹತ್ತಿರ ಹೋಗುವ ದಾರಿ. ಮೊದಲ ಸಲ ಕೋಡಿಂಗ್ ಮಾಡುವಾಗ ಈ ವಾಕ್ಯವನ್ನು ನಾನು ‘ತರಗತಿ ನಿರ್ವಹಣೆ’ ಎಂಬ ಬೇರೆ ಖಾನೆಗೆ ಹಾಕಿ ಮರೆತಿದ್ದೆ.

ಎರಡು ಅಂಕದ ಶಿಕ್ಷಕಿಯ ಬಳಿಗೆ ಮತ್ತೊಮ್ಮೆ ಹೋಗಿ, ಅವರ ತರಗತಿಯಲ್ಲಿ ನಾನು ಕಂಡ ಆ ವಾದವನ್ನು ನೆನಪಿಸಿ, ಅದು ಗುಂಪು ಚಟುವಟಿಕೆಯಲ್ಲವೇ ಎಂದು ಕೇಳಿದೆ. ಅವರು ನಕ್ಕರು. ‘ಅದನ್ನೆಲ್ಲ ಚಟುವಟಿಕೆ ಅಂತ ಯಾರು ಕರೆಯುತ್ತಾರೆ? ಚಟುವಟಿಕೆ ಎಂದರೆ ಚಾರ್ಟು ಬೇಕು, ಸಾಮಗ್ರಿ ಬೇಕು, ವರದಿ ಬರೆಯಬೇಕು. ಇದು ಮಕ್ಕಳು ಮಾತಾಡಿಕೊಂಡದ್ದು ಅಷ್ಟೇ.’

ಹಾಗಾಗಿ ನಾಲ್ಕನೇ ಅಧ್ಯಾಯದ ಆ ಒಂದು ಹೇಳಿಕೆ ಗುಂಪು ಚಟುವಟಿಕೆಯನ್ನು ಅಳೆದಿಲ್ಲ, ಆ ಪದದೊಡನೆ ಶಿಕ್ಷಕರಿಗಿರುವ ಸಂಬಂಧವನ್ನು ಅಳೆದಿದೆ ಎಂಬುದು ಈಗ ನನ್ನ ವಾದ. ಹದಿನಾಲ್ಕು ಮಂದಿಯಿಂದ ಇದನ್ನು ಎಲ್ಲರಿಗೂ ಅನ್ವಯಿಸಲಾರೆ ಎಂಬುದನ್ನೂ ಬರೆದಿದ್ದೇನೆ. ಅಧ್ಯಾಯಗಳ ಅನುಕ್ರಮವನ್ನು ಬದಲಿಸಲು ವಿಭಾಗದ ನಿಯಮ ಅವಕಾಶ ಕೊಡುವುದಿಲ್ಲವಂತೆ, ಆದ್ದರಿಂದ ನಾಲ್ಕು ಮತ್ತು ಐದು ಹಾಗೆಯೇ ಇವೆ. ಆ ಕೋಷ್ಟಕವನ್ನು ಆರನೆಯದರ ಮೊದಲ ಪುಟಕ್ಕೆ ತಂದಿದ್ದೇನೆ. ಮೂರು ಸಾಲುಗಳಲ್ಲಿ ಕೊನೆಯ ಕಂಬ ಇನ್ನೂ ಖಾಲಿ ಇದೆ. ಪ್ರಶ್ನಾವಳಿಯ ಹೇಳಿಕೆಯನ್ನು ‘ಕಳೆದ ವಾರದ ಗಣಿತ ಪಾಠಗಳಲ್ಲಿ ಮಕ್ಕಳು ಶಿಕ್ಷಕರ ಮಧ್ಯಸ್ಥಿಕೆಯಿಲ್ಲದೆ ಪರಸ್ಪರ ಚರ್ಚಿಸಿ ಲೆಕ್ಕ ಬಿಡಿಸಿದ್ದು ಎಷ್ಟು ಬಾರಿ’ ಎಂದು ತಿದ್ದಿ, ಮೊದಲಿನವರಲ್ಲೇ ಕೆಲವರಿಗೆ ಮತ್ತೆ ಕೊಡಬೇಕೋ ಬೇಡವೋ ಎಂಬ ಲೆಕ್ಕಾಚಾರದಲ್ಲಿದ್ದೇನೆ. ಸಂಖ್ಯಾಲೋಲ ಅವರು ಈ ವಾಕ್ಯರಚನೆಯನ್ನು ಒಮ್ಮೆ ನೋಡಿ, ಇನ್ನೂ ಎಲ್ಲಿ ಸಡಿಲವಿದೆ ಎಂದು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಸಂಖ್ಯಾಲೋಲ

‘ಮಧ್ಯಸ್ಥಿಕೆಯಿಲ್ಲದೆ’ ಎಂಬುದನ್ನು ತೆಗೆಯಿರಿ. ಯಾವ ಶಿಕ್ಷಕರೂ ತಾವು ಸುಮ್ಮನಿದ್ದೆ ಎಂದು ಕಾಗದದ ಮೇಲೆ ಒಪ್ಪಿಕೊಳ್ಳಲು ಇಷ್ಟಪಡುವುದಿಲ್ಲ. ಉಳಿದದ್ದು ಸರಿಯಿದೆ, ಆದರೆ ಹಂಚುವ ಮೊದಲು ಆ ನಕ್ಕ ಶಿಕ್ಷಕಿಗೆ ಒಮ್ಮೆ ಓದಿಸಿ.